ಖಣ ಸುತ್ತಿದ ಗಂಡು ಕಪ್ಪೆ

ಆಡಳಿತ ಮಂಡಳಿಯ ಅಧ್ಯಕ್ಷರಾದ ಶಿರೀಷ ಅವರೇ, ವೇದಿಕೆಯ ಮೇಲಿನ ಗಣ್ಯರೇ, ನನ್ನ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಮಿರ್ಚಿಭಜಿಯ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಗುಳೇದಗುಡ್ಡದ ಈ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ವಿಮಲಾಬಾಯಿಗೆ, ಅಂದರೆ ನನಗೆ, ಇಂದು ಬೀಳ್ಕೊಡುಗೆ. ಹೊಗಳಿದವರೆಲ್ಲ ಒಂದೇ ಮಾತು ಹೇಳಿದರು: ಶಾಂತ ಸ್ವಭಾವದವರು, ಎಂದೂ ಎದುರು ಮಾತಾಡಿದವರಲ್ಲ. ಸಂತೋಷ. ಇಂದು ಮಾತಾಡುತ್ತೇನೆ.

ಶಾಲೆಯ ಹಿಂದಿನ ಹೊಂಡವನ್ನು ಸೋಮವಾರ ಮಣ್ಣು ಹಾಕಿ ಮುಚ್ಚುತ್ತಾರಂತೆ. ಕಾರಣವೇನು? ಕಪ್ಪೆಗಳ ಗದ್ದಲ! ಪಕ್ಕದಲ್ಲಿ ಅಧ್ಯಕ್ಷರು ಕಟ್ಟಿಸಿದ ಮಂಗಲ ಕಾರ್ಯಾಲಯಕ್ಕೆ ಬರುವ ಬೀಗರಿಗೆ ತೊಂದರೆಯಂತೆ. ಬ್ಯಾಂಡಿನವರಿಂದ ತೊಂದರೆಯಿಲ್ಲ, ಕಪ್ಪೆಯಿಂದ ತೊಂದರೆ!

ಸ್ವಾಮಿ, ಜೂನ್ ತಿಂಗಳಲ್ಲಿ ಇವೇ ಕಪ್ಪೆಗಳಿಗೆ ಮದುವೆ ಮಾಡಿದವರು ಯಾರು? ಮಳೆ ಬರಲಿ ಎಂದು ಅರಿಶಿನ ಹಚ್ಚಿದಿರಿ, ಅಕ್ಷತೆ ಹಾಕಿದಿರಿ, ವಧುವಿಗೆ ಕುಪ್ಪಸ ಹೊಲಿಸುವ ನಮ್ಮೂರ ಖಣದ ತುಂಡು ಸುತ್ತಿದಿರಿ. ಆ ಜೋಡಿಯನ್ನು ಹಿಡಿದದ್ದು ಹೇಗೆ? ನಾಲ್ಕು ಹನಿ ಬಿದ್ದ ಸಂಜೆ, ಹೊಂಡದಲ್ಲಿ ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದ ಎರಡನ್ನು ತಂದಿರಿ. ನಮ್ಮ ಪ್ರಯೋಗಾಲಯದ ಗೌಸಸಾಬ ಅಂದೇ ನನ್ನ ಕಿವಿಯಲ್ಲಿ ಹೇಳಿದರು: "ಅಕ್ಕೋರೆ, ಎರಡೂ ಗಂಡು ಅದಾವ್ರಿ. ಒದರೋದು ಗಂಡ ಅಲ್ಲೇನ್ರಿ?"

ಖರೆ. ಒಂಬತ್ತನೆಯ ತರಗತಿಯಲ್ಲಿ ಅಧ್ಯಕ್ಷರಿಗೂ ಇದನ್ನು ನಾನೇ ಕಲಿಸಿದ್ದೆ. ಗಂಟಲ ಚೀಲ ಉಬ್ಬಿಸಿ ಕೂಗುವುದು ಗಂಡು ಕಪ್ಪೆ. ಹೆಣ್ಣಿಗೆ "ಇಲ್ಲಿದ್ದೇನೆ, ಬಾ" ಎಂದು. ಇನ್ನೊಂದು ಗಂಡಿಗೆ "ಇದು ನನ್ನ ಜಾಗ, ದೂರ ಸರಿ" ಎಂದು. ಅದು ಮಳೆಯನ್ನು ಕರೆಯುವುದಿಲ್ಲ. ಮಳೆ ಬಂದು ನೀರು ನಿಂತರೆ ಮೊಟ್ಟೆಗೆ ಜಾಗವಾಯಿತೆಂದು ಕೂಗುತ್ತದೆ. ನೀವು ವರನ ಎದುರಾಳಿಗೇ ಖಣ ಸುತ್ತಿ ಪಕ್ಕದಲ್ಲಿ ಕೂಡಿಸಿದಿರಿ! ನಾನು ಅಂದೂ ಸುಮ್ಮನೆ ಅಕ್ಷತೆ ಹಾಕಿ ಬಂದೆ.

ಹೆಣ್ಣು ಕಪ್ಪೆ ಏನು ಮಾಡುತ್ತದೆ? ಕೇಳುತ್ತದೆ. ಹತ್ತು ದನಿಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಂಡು ಅತ್ತ ಹೋಗುತ್ತದೆ. ಇದನ್ನು ಕಲಿಸುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದರು, ಹಾಡು ಹೇಳಿಸಿದರು, ನಡೆಸಿ ನೋಡಿದರು. ಹುಡುಗ ಬಾಯಿಯೇ ತೆರೆಯಲಿಲ್ಲ. "ನಿನಗ ಒಪ್ಪಿಗಿ ಏನವಾ?" ಎಂದು ಯಾರೂ ಕೇಳಲಿಲ್ಲ. ಆ ಹುಡುಗ, ನಮ್ಮ ಯಜಮಾನರು ಜಯಂತ ಅವರು, ಮೊದಲ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ನಗಬೇಡಿರಿ. ಮೂವತ್ನಾಲ್ಕು ವರ್ಷವಾಯಿತು, ನೀವೂ ಕೇಳಿಲ್ಲ.

ಇರಲಿ. ನಾನು ಹೊಂಡದ ವಿಷಯ ಹೇಳುತ್ತಿದ್ದೆ.

ಹೊಂಡ ಮುಚ್ಚಲು ವಿಜ್ಞಾನ ಶಿಕ್ಷಕರ ತಕರಾರಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದವರು ಯಾರು ಗೊತ್ತೇ? ನಾನೇ! ಕಳೆದ ಮಂಗಳವಾರ ಅಧ್ಯಕ್ಷರು ಮನೆಗೆ ಬಂದರು. "ಅಕ್ಕೋರೆ, ನೀವು ಹೆಂಗೂ ರಿಟೈರ್ ಆಗಾಕತ್ತೀರಿ. ನಿಮಗ್ಯಾಕ ಇದರ ಉಸಾಬರಿ? ಒಂದು ಸಹಿ ಹಾಕಿಬಿಡ್ರಿ" ಎಂದರು. ಹಾಕಿದೆ. ಮೇಲೆ ಚಹಾ ಬೇರೆ ಕೊಟ್ಟೆ! ಅಂದಿನಿಂದ ನನ್ನ ಮೇಲೆ ನನಗೆ ಬಂದಿರುವಷ್ಟು ಸಿಟ್ಟು ಅಧ್ಯಕ್ಷರ ಮೇಲೂ ಬಂದಿಲ್ಲ.

ಮಕ್ಕಳೇ, ಹೆಣ್ಣು ಕಪ್ಪೆ ಮೂಕ ಎಂದು ನಿಮಗೆ ನೋಟ್ಸ್ ಬರೆಸಿದ್ದೆ. ತಪ್ಪು, ಹೊಡೆದುಹಾಕಿರಿ. ಬೇಡವಾದಾಗ ಹಿಡಿದರೆ ಎಷ್ಟೋ ಜಾತಿಯ ಹೆಣ್ಣು ಕಪ್ಪೆಗಳು ಸಣ್ಣದಾಗಿ ಕೂಗುತ್ತವೆ. ಅದರ ಅರ್ಥ "ಬಿಡು". ಗಂಡು ಬಿಡುತ್ತದೆ ಕೂಡ.

ಅಧ್ಯಕ್ಷರೇ, ಆ ಸಹಿಯನ್ನು ನಾನು ಹಿಂದಕ್ಕೆ ಪಡೆದಿದ್ದೇನೆ. ಪತ್ರವನ್ನು ಮುಖ್ಯಾಧ್ಯಾಪಕರ ಕೈಗೆ ಕೊಟ್ಟೇ ವೇದಿಕೆ ಹತ್ತಿದೆ. ನೀವು ಗಡಿಯಾರ ನೋಡುವುದು ಬೇಡ, ನಾನು ನೋಡಿದ್ದೇನೆ. ನನ್ನ ನಿವೃತ್ತಿ ಐದು ಗಂಟೆಗೆ. ಈಗ ನಾಲ್ಕೂವರೆ. ಇನ್ನೂ ಅರ್ಧ ತಾಸು ಈ ಶಾಲೆಯ ವಿಜ್ಞಾನ ಶಿಕ್ಷಕಿ ನಾನೇ, ಮತ್ತು ನನ್ನ ತಕರಾರಿದೆ.

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಎದುರು ಮಾತಾಡಿದವಳನ್ನು ಕೂತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.