ಇಗರ್ಜಿ ಹಿಂದಿನ ನೀಲಿ ಬಾಗಿಲು

ಆ ಲೈಟು ಇರ್ಲಿ ಬಿಡು ಕೃಪಾ, ಆರಿಸ್ಬೇಡ. ಇದನ್ನ ಹೇಳೋವಾಗ ನಂಗೆ ಕತ್ತಲು ಆಗಲ್ಲ.

ನಮ್ಮ ಪಕ್ಕದ ಮನೆ ಆಶ್ಲೆಗೆ ಆಗಿದ್ದು. ರೌಸ್ ಹಿಲ್‌ನಲ್ಲಿ ಅವರ ಮನೆಗೂ ನಮ್ಮನೆಗೂ ಒಂದೇ ಬೇಲಿ. ಮಂಗಳೂರಿನ ಕ್ಯಾಥೊಲಿಕರು. ಆಶ್ಲೆ, ಹೆಂಡತಿ ಜೊವಾನ್, ಅವಳ ತಾಯಿ ಅಪೊಲೊನಿಯಾ ಆಂಟಿ. ಮೂರೇ ಜನ. ಆಶ್ಲೆಗೆ ಕೆಲಸ ಮೆಲ್ಬರ್ನ್‌ನಲ್ಲಿ, ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಲ್ಲಿ. ಸೋಮವಾರ ಫ್ಲೈಟ್ ಹತ್ತಿದ್ರೆ ಗುರುವಾರ ವಾಪಸ್.

ಹೋದ ವರ್ಷ ಮೇ ತಿಂಗಳು. ಅವತ್ತು ಆಫೀಸಲ್ಲಿ ಏನೋ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತಂತೆ, ಹೊರಗೆ ಬಂದಾಗ ಹನ್ನೊಂದೂವರೆ. ನೀರಿನ ಪಕ್ಕ ನಡ್ಕೊಂಡು ರೂಮಿಗೆ ಹೊರಟ. ದೋಣಿಗಳ ಕಂಬಕ್ಕೆ ಹಗ್ಗ ಬಡೀತಿತ್ತು... ಟಿಣ್... ಟಿಣ್... ಟಿಣ್. ಫೋನಲ್ಲಿ ಜೊವಾನ್ ಕಳಿಸಿದ ಲಿಸ್ಟ್ ಓದ್ತಿದ್ದ. ಮುಂದಿನ ತಿಂಗಳು ಕೆರಿಬಿಯನ್ ಕಡೆ ಒಂದು ಚಿಕ್ಕ ದ್ವೀಪಕ್ಕೆ ಹೋಗೋರಿದ್ರು. ಎಲ್ಲೆಲ್ಲಿ ಊಟ, ಯಾವ ದಿನ ಯಾವ ಹೋಟೆಲು, ಯಾರು ಎಷ್ಟು ಸ್ಟಾರ್ ಕೊಟ್ಟಿದಾರೆ, ಎಲ್ಲಾ ಬರೆದಿದ್ಲು. ಅವಳು ಹಾಗೇನೇ.

"ಜೆವಾಣ್ ಜಾಲೆಂ?"

ಊಟ ಆಯ್ತಾ ಅಂತ, ಕೊಂಕಣಿಯಲ್ಲಿ. ತಿರುಗಿ ನೋಡಿದ. ಕಂಬಿ ಹತ್ರ ಒಬ್ಬ ಮನುಷ್ಯ ನಿಂತಿದ್ದ. ನಲವತ್ತರ ಒಳಗಿನವನು. ಆ ಚಳೀಲಿ ಬರೀ ಬಿಳಿ ಅಂಗಿ. ನಮ್ಮೂರ ಸೆಕ್ಯೂರಿಟಿ ಯಾರೋ ಇರ್ಬೇಕು ಅಂದ್ಕೊಂಡ ಆಶ್ಲೆ.

"ಇಲ್ಲ, ಇನ್ನು ಹೋಗಿ ಮಾಡ್ಬೇಕು."

"ಆ ದ್ವೀಪದಲ್ಲಿ ಹಾರ್ಬರ್ ಹತ್ರ ತಿನ್ಬೇಡಿ," ಅಂದ ಆತ. ಮೆಲ್ಲಗೆ. ಪಿಸುಮಾತು ಅಂತಾರಲ್ಲ, ಹಾಗೆ. "ಇಗರ್ಜಿ ಹಿಂದೆ ಏರು ಹತ್ತಿ. ನೀಲಿ ಬಾಗಿಲು. ಐರಿಸ್ ಅಂತ ಹೆಂಗಸು. ಊಟ ಅಲ್ಲಿ ಮಾಡಿ."

"ನಾವು ಹೋಗೋದು... ನಿಮ್ಗೆ ಹೇಗೆ..."

"ಜೊವಾನಳನ್ನ ಕರ್ಕೊಂಡು ಹೋಗು ಪುತಾ."

ಪುತಾ, ಅಂದ್ರೆ ಮಗನೇ ಅಂತ. ಆಶ್ಲೆ ಹೆಂಡತಿ ಹೆಸರು ಹೇಳೇ ಇರ್ಲಿಲ್ಲ. ಹಿಂದೆ ಟ್ರ್ಯಾಮ್ ಗಂಟೆ ಹೊಡೀತು, ಟಿಂಗ್ ಟಿಂಗ್. ಒಂದೇ ಒಂದು ಸಲ ಆ ಕಡೆ ನೋಡಿದ. ಇತ್ತ ತಿರುಗಿದ್ರೆ... ಯಾರೂ ಇಲ್ಲ.

ಓಡಿದನಂತೆ. ಮೂವತ್ತೊಂಬತ್ತು ವರ್ಷದ ಗಂಡಸು, ಲ್ಯಾಪ್‌ಟಾಪ್ ಬ್ಯಾಗು ಎದೆಗೆ ಅವಚ್ಕೊಂಡು.

ಜೊವಾನ್‌ಗೆ ಹೇಳ್ಲಿಲ್ಲ. ಯಾಕೆ ಅಂದ್ರೆ, ಆ ದ್ವೀಪದ ಮಾತು ಆ ಮನೇಲಿ ಸುಲಭದ ಮಾತಲ್ಲ. ಅವಳಪ್ಪ ರುಡೊಲ್ಫ್ ಅಂತ, ದೊಡ್ಡ ಪ್ರಯಾಣಿಕರ ಹಡಗಲ್ಲಿ ಊಟ ಬಡಿಸೋ ಕೆಲಸ. ತೊಂಬತ್ತನಾಲ್ಕರಲ್ಲಿ ಹಡಗು ಅದೇ ದ್ವೀಪದಲ್ಲಿ ನಿಂತಿತ್ತು. ಸಂಜೆ ಊಟ ಮಾಡ್ಕೊಂಡು ಬರ್ತೀನಿ ಅಂತ ದಡಕ್ಕೆ ಇಳಿದವರು ವಾಪಸ್ ಬರ್ಲಿಲ್ಲ. ಹಡಗು ಹೊರಟ್ಹೋಯ್ತು. ಕಂಪನಿಯಿಂದ ಬಂದಿದ್ದು ಒಂದೇ ಕಾಗದ, ಕಾಣೆಯಾಗಿದ್ದಾರೆ ಅಂತ.

ಜೊವಾನ್‌ಗೆ ಆಗ ಆರು ವರ್ಷ. ಊರಲ್ಲಿ ಜನ ಸುಮ್ನಿರ್ತಾರಾ? ಅಲ್ಲೇ ಇನ್ನೊಂದು ಸಂಸಾರ ಕಟ್ಕೊಂಡಿದ್ದಾನೆ ಅಂದ್ರು. ಇವಳು ಅದನ್ನೇ ಕೇಳ್ತಾ ಬೆಳೆದ್ಲು, ಅದನ್ನೇ ನಂಬಿದ್ಲು. ಅಪೊಲೊನಿಯಾ ಆಂಟಿ ಮಾತ್ರ ಒಂದು ದಿನಾನೂ ವಿಧವೆಯರು ಉಡೋ ಕಪ್ಪು ಸೀರೆ ಉಡ್ಲಿಲ್ಲ, ಸತ್ತವರ ಪೂಜೆ ಮಾಡಿಸ್ಲಿಲ್ಲ. ಕಾಯೋದೂ ಬಿಡ್ಲಿಲ್ಲ. ಆ ಜಾಗ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಜೊವಾನ್ ಹಟ, ಆಂಟಿಗೆ ಫಿಜಿಗೆ ಹೋಗ್ತೀವಿ ಅಂತ ಸುಳ್ಳು ಹೇಳಿದ್ರು. ರಾತ್ರಿ ಹೊತ್ತು ಆಂಟಿ ಜೊತೆ ಮಲಗೋಕೆ ನನ್ನನ್ನ ಕೇಳ್ಕೊಂಡ್ರು.

ಜೂನ್‌ನಲ್ಲಿ ಹೋದ್ರು. ಮೊದಲ ಸಂಜೆ ಲಿಸ್ಟಿನ ಮೊದಲನೇ ಹೋಟೆಲು... ಬುಕಿಂಗೇ ಇಲ್ಲ ಅಂದ್ರಂತೆ. ಎರಡನೇದಕ್ಕೆ ಹೋದ್ರೆ ಬೀಗ. ಬ್ರೆಡ್ಡು ತಿಂದು ಮಲಗಿದ್ರು. ಮಾರನೇ ದಿನ ಹಾರ್ಬರ್‌ನಲ್ಲೇ ಕೂತ್ರು. ಮೀನು ಮುರಿದ್ರೆ ಒಳಗೆ ಐಸು, ಕರಕರ ಅನ್ನೋದು. ಜೊವಾನ್ ತಟ್ಟೆ ತಳ್ಳಿದ್ಲು. ಆಶ್ಲೆಗೆ ತುತ್ತು ಇಳೀಲಿಲ್ಲ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಕೂತ್ರೆ ಏಳ್ತಾನೆ, ಎದ್ರೆ ಬಾಲ್ಕನಿಗೆ ಹೋಗ್ತಾನೆ. ಅಲ್ಲಿಂದ ಇಗರ್ಜಿ ಗೋಪುರ ಕಾಣತ್ತೆ. ಒಳಗೆ ಬರ್ತಾನೆ.

ಮೂರನೇ ಸಂಜೆ ಜೊವಾನ್ ಬಾಗಿಲಿಗೆ ಅಡ್ಡ ನಿಂತ್ಲು.

"ಏನಾಗಿದೆ ನಿಂಗೆ? ನಮ್ಮಪ್ಪ ಸೇರ್ಕೊಂಡ ಊರಿದು ಅಂತ ಭಯಾನಾ?"

"ಒಂದು ಕಡೆ ಊಟಕ್ಕೆ ಹೋಗಣ. ಲಿಸ್ಟಲ್ಲಿಲ್ಲ."

"ಯಾರು ಹೇಳಿದ್ರು?"

"ಮೆಲ್ಬರ್ನಲ್ಲಿ... ಒಬ್ಬರು."

ಏರು ಹತ್ತಿದ್ರು. ಇಗರ್ಜಿ ಹಿಂದೆ ಬೀದಿ ದೀಪ ಇಲ್ಲ. ಕಪ್ಪೆಗಳು ಮಾತ್ರ ಪೀಂ ಪೀಂ ಅಂತ ಸೀಟಿ ಊದಿದ ಹಾಗೆ ಕೂಗ್ತಿದ್ವು. ಬಾಗಿಲು ಇತ್ತು. ನೀಲಿ. ಹೋಟೆಲ್ ಅಲ್ಲ ಅದು, ಮನೆ. ಹೊರಗೆ ಎರಡು ಮೇಜು. ಎಂಬತ್ತು ದಾಟಿದ ಮುದುಕಿ ಹೊರಗೆ ಬಂದು, ಕೂರಿ ಅಂದ್ಲು. ಹೆಸರು ಕೇಳಿದ್ರೆ ಐರಿಸ್.

ಇಬ್ರೂ ಕೂತ್ರು.

ತೆಂಗಿನ ಹಾಲಲ್ಲಿ ಬೇಯಿಸಿದ ಮೀನು ಬಂತು. ಜೊತೆಗೆ ಕೆಂಡದಲ್ಲಿ ಸುಟ್ಟ, ಹಲಸಿನಂಥ ಯಾವುದೋ ಕಾಯಿ, ಹೋಳು ಮಾಡಿದ್ದು. ಜೊವಾನ್ ಬಾಯಿಗಿಟ್ಟು ಕಣ್ಣರಳಿಸಿದ್ಲು.

"ಆಶ್, ಇದು ಜೀಗುಜ್ಜೆ!"

ಒಳಗೆ ಹೋಗ್ತಿದ್ದ ಮುದುಕಿ ನಿಂತ್ಲು. ಕೈಯಲ್ಲಿದ್ದ ಸೌಟು ಠಣ್ ಅಂತ ಕೆಳಗೆ ಬಿತ್ತು.

"ಏನಂದೆ? ಇನ್ನೊಂದ್ಸಲ ಹೇಳು."

"ಜೀಗುಜ್ಜೆ. ನಮ್ಮೂರಲ್ಲಿ ಹಾಗಂತೀವಿ."

ಮುದುಕಿ ಬಂದು ಎದುರಿಗೆ ಕೂತ್ಲು. ಜೊವಾನ್ ಮುಖಾನೇ ನೋಡಿದ್ಲು. ಆಮೇಲೆ ಇಂಗ್ಲಿಷಲ್ಲಿ, ಒಂದೊಂದೇ ಮಾತು... "ಈ ಮನೇಲಿ ಆ ಪದ ಹೇಳಿದವನು ಒಬ್ಬನೇ. ಹಡಗಿನವನು. ರೂಡಿ ಅಂತ."

ರೂಡಿ. ರುಡೊಲ್ಫ್. ಜೊವಾನ್ ಅಪ್ಪ.

ಈ ಜಾಗದಲ್ಲೇ ಕೂತಿದ್ದನಂತೆ. ಕಾಯಿ ನೋಡಿ ಮಗು ಥರ ಕುಣಿದನಂತೆ, ನಮ್ಮ ಮನೆ ಹಿತ್ತಲಲ್ಲಿದೆ ಅಂತ. ಎರಡು ಹೋಳು ತಿಂದ. ಮೂರನೇದು ಕೇಳಿದ. ಆಮೇಲೆ ಎದೆ ಮೇಲೆ ಕೈ ಇಟ್ಕೊಂಡು ಗೋಡೆಗೆ ಒರಗಿದ. ನೀರು ಕೊಡಿ ಅಂದ. ಐರಿಸ್ ನೀರು ತರೋಷ್ಟರಲ್ಲಿ ಆಗ್ಹೋಗಿತ್ತು. ಅಷ್ಟರಲ್ಲಿ ಹಡಗು ಹೊರಟ್ಹೋಗಿತ್ತು. ಪೊಲೀಸ್ ಠಾಣೆಯಲ್ಲಿ ಬರೆಸಿದ್ಲು, ಇಗರ್ಜಿ ಹಿತ್ತಲಲ್ಲಿ ಮಣ್ಣು ಮಾಡಿಸಿದ್ಲು. ಎರಡೇ ದಿನಕ್ಕೆ ದೊಡ್ಡ ಚಂಡಮಾರುತ. ಠಾಣೆ ಹೋಯ್ತು, ಬರೆದ ಪುಸ್ತಕ ಹೋಯ್ತು. ಅವನ ಊರು ಯಾವುದು, ಜನ ಯಾರು, ಐರಿಸ್‌ಗೆ ಗೊತ್ತೇ ಇರ್ಲಿಲ್ಲ.

"ಅವರ ಜೊತೆ ಇಲ್ಲಿ..." ಜೊವಾನ್ ಕೇಳಿದ್ಲು. "ಬೇರೆ ಯಾರಾದ್ರೂ ಇದ್ರಾ? ಹೆಂಗಸರು?"

"ಯಾರೂ ಇಲ್ಲ ಮಗಳೇ. ಅವತ್ತು ಮೊದಲನೇ ಸಲ ಈ ನೆಲಕ್ಕೆ ಕಾಲಿಟ್ಟಿದ್ದ. ಊಟ ಮುಗಿಯೋವರೆಗೂ ಒಂದೇ ಮಾತು. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ, ಫೋನಲ್ಲಿ ಮಾತಾಡಿದ್ರೆ ಬರೀ ಗಾಳಿ ಬರತ್ತೆ ಅಂತ ನಗ್ತಿದ್ದ."

ಜೊವಾನ್ ಆ ಮೇಜಿನ ಮೇಲೆ ತಲೆ ಇಟ್ಟು ಅತ್ತಿದ್ದನ್ನ ಆಶ್ಲೆ ನನ್ನ ಹತ್ರ ಹೇಳೋವಾಗ, ಅವನೇ ಎದ್ದು ಅಡುಗೆಮನೆಗೆ ಹೋಗ್ಬಿಟ್ಟ. ಮೂವತ್ತು ವರ್ಷ ಅಪ್ಪನ್ನ ಬೈದಿದ್ಲು ಅವಳು.

ಮಾರನೇ ಬೆಳಿಗ್ಗೆ ಎಂಟಕ್ಕೆ ಅಲ್ಲಿನ ಪಾದ್ರಿ ಸಮಾಧಿ ಮುಂದೆ ಪ್ರಾರ್ಥನೆ ಮಾಡಿಸಿದ್ರು. ಅಪೊಲೊನಿಯಾ ಆಂಟಿಗೆ ಫೋನಲ್ಲಿ ಹೇಳೋದು ಹೇಗೆ ಅಂತ ಇವರಿಬ್ರೂ ಸುಮ್ಮನಾದ್ರು. ವಾಪಸ್ ಹೋಗಿ ಎದುರಿಗೆ ಕೂತು ಹೇಳಣ ಅಂತ.

ಈಗ ಕೇಳು ಕೃಪಾ. ಇಲ್ಲಿಂದಾಚೆಗೆ ನಾನು ಕಂಡಿದ್ದು.

ಅಲ್ಲಿ ಬೆಳಿಗ್ಗೆ ಎಂಟು ಅಂದ್ರೆ ಇಲ್ಲಿ ರಾತ್ರಿ ಹತ್ತು. ನಾನು ಜೊವಾನ್ ರೂಮಲ್ಲಿ ಮಲಗಿದ್ದೆ. ನಿದ್ದೆ ಹತ್ತಿರ್ಲಿಲ್ಲ, ಆ ರಾತ್ರಿ ಮೈಯೆಲ್ಲಾ ಏನೋ ಚಡಪಡಿಕೆ. ಆಂಟಿ ರೂಮಿಂದ ಮಾತು ಕೇಳಿಸ್ತು. ಕೊಂಕಣಿ. ಮೆಲ್ಲಗೆ ಮಾತಾಡಿ... ನಗೋದು. ಮತ್ತೆ ಮಾತು. ಕನಸಿರ್ಬೇಕು ಅಂದ್ಕೊಂಡೆ. ಆಮೇಲೆ ಹಿಂದಿನ ಬಾಗಿಲ ಚಿಲಕ, ಟಕ್. ಎದ್ದು ಹೋಗಿ ನೋಡ್ಬೇಕಿತ್ತು. ಹೋಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಹೆದರಿಕೆ ಆಯ್ತು. ಹೊದಿಕೆ ಎಳ್ಕೊಂಡು ಬಿದ್ದಿದ್ದೆ.

ಬೆಳಿಗ್ಗೆ ಕಾಫಿ ಮಾಡ್ತಿದ್ದೆ. ಆಂಟಿ ಬಂದು ನಿಂತ್ರು.

ಕಪ್ಪು ಸೀರೆ ಉಟ್ಟಿದ್ರು.

"ಆಂಟಿ... ಯಾಕೆ?"

"ಇವತ್ತಿಂದ ಉಡ್ಬೇಕು ಜಲಜಾ," ಅಂದ್ರು. ಅಷ್ಟೇ. ಮುಖದಲ್ಲಿ ಅಳು ಇಲ್ಲ. ಚೆನ್ನಾಗಿ ನಿದ್ದೆ ಮಾಡಿದವರ ಮುಖ ಅದು. ಎರಡು ದೋಸೆ ತಿಂದ್ರು, ಇನ್ನೊಂದು ಕೇಳಿ ಹಾಕಿಸ್ಕೊಂಡ್ರು.

ಕಸ ಹಾಕೋಕೆ ನಾನು ಹಿಂದಿನ ಬಾಗಿಲಿಗೆ ಹೋದೆ. ಅವರ ಚಪ್ಪಲಿ ಮೆಟ್ಟಿಲ ಮೇಲಿತ್ತು. ಒದ್ದೆ. ಹಿಂಡಿದ್ರೆ ನೀರು ಬರೋ ಅಷ್ಟು ಒದ್ದೆ. ಆ ವಾರ ಒಂದು ಹನಿ ಮಳೆ ಇಲ್ಲ, ಬೇಕಿದ್ರೆ ನಿಮ್ಮ ಅಂಕಲ್‌ನ ಕೇಳು. ಹುಲ್ಲೆಲ್ಲಾ ಒಣಗಿತ್ತು. ಚಪ್ಪಲಿ ಪಟ್ಟಿಯ ಮೇಲೆ ಬೆಳ್ಳಗೆ ಗೆರೆ ಕಟ್ಟಿತ್ತು. ರೌಸ್ ಹಿಲ್‌ನಿಂದ ಸಮುದ್ರಕ್ಕೆ ಕಾರಲ್ಲೇ ಒಂದು ಗಂಟೆ. ಆಂಟಿಗೆ ಡ್ರೈವಿಂಗೇ ಬರಲ್ಲ.

ಬೆರಳಲ್ಲಿ ಸವರಿ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು.

ನೀನು ನಂಬು, ಬಿಡು. ಆ ಚಪ್ಪಲಿಯ ಮರಳು ತೊಳೆದು ಬಿಸಿಲಿಗೆ ಇಟ್ಟವಳು ನಾನು.