ಮೊದಲು ಕಿರಿಯನ ಮಾತು

ಮಾನ್ಯ ಅಧ್ಯಕ್ಷರೇ, ಸನ್ಮಾನಿತರಾದ ಕರ್ನಲ್ ಶ್ಯಾಮ ಅವರೇ, ಬಿಬವೇವಾಡಿ ಕನ್ನಡ ಬಳಗದ ಸಭಿಕರೇ,

ಶ್ಯಾಮನಿಗೆ ಶಾಲು, ಹಾರ, ಫಲತಾಂಬೂಲ, ನನಗೆ ಮೈಕು. ಧಾರವಾಡದ ಶಾಲೆಯಿಂದಲೂ ನಮ್ಮಿಬ್ಬರ ಪಾಲು ಹೀಗೆಯೇ. ನಗಬೇಡಿ, ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಿದೆ.

ಸೇನೆಯ ನ್ಯಾಯಾಲಯಗಳ ಬಗ್ಗೆ ಹೇಳಿ ಎಂದು ಕಾರ್ಯದರ್ಶಿ ಹರ್ಷದಾ ಕೇಳಿದ್ದಾರೆ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ವಿಚಾರಿಸಿ ಒಬ್ಬರೇ ತೀರ್ಪು ಕೊಡುತ್ತಾರೆ. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು, ಗಲ್ಲಿನವರೆಗೂ ಅಧಿಕಾರ. ನಡುವಿನದು ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್: ಮೂವರು ಸಾಕು, ಎರಡು ವರ್ಷದವರೆಗೆ ಜೈಲು, ನೌಕರಿಯಿಂದ ವಜಾ. ಅಲ್ಲಿ ಅಭಿಪ್ರಾಯವನ್ನು ಮೊದಲು ಹೇಳಬೇಕಾದವನು ಕಿರಿಯ ಅಧಿಕಾರಿ. ಏಕೆ? ಹಿರಿಯರ ಮುಖ ನೋಡಿ ಹೂಂಗುಟ್ಟಬಾರದೆಂದು. ಯಾರು ಏನೆಂದರು ಎಂದು ಹೊರಗೆ ಬಾಯಿಬಿಡುವುದಿಲ್ಲವೆಂಬ ಪ್ರಮಾಣವೂ ಉಂಟು. ಎಂಥ ಒಳ್ಳೆಯ ಪದ್ಧತಿ!

ಇಪ್ಪತ್ತಾರು ವರ್ಷದ ಹಿಂದೆ ಅಂಥ ಮೂವರಲ್ಲಿ ಕಿರಿಯವನು ನಾನು. ಆರೋಪಿ ಡ್ರೈವರ್ ಕಿಶೋರ. ಬ್ರೇಕ್ ಸರಿಯಿಲ್ಲವೆಂದು, ಹನ್ನೆರಡು ಮಂದಿ ಜವಾನರಿದ್ದ ಲಾರಿಯನ್ನು ಘಾಟಿಗೆ ಒಯ್ಯಲು ಒಪ್ಪಿರಲಿಲ್ಲ. ಅವರ ಪರ ವಾದಿಸಿದವರು ಆಗಿನ್ನೂ ಕ್ಯಾಪ್ಟನ್ ಆಗಿದ್ದ ಇದೇ ಶ್ಯಾಮ. ಬೆಳಗಾವಿಯ ಮೆಕ್ಯಾನಿಕ್ ಲೋಕನಾಥನನ್ನು ಸಾಕ್ಷಿಗೆ ಕರೆಸಿದರು. ‘ಸಾಹೇಬ್ರ, ಆ ಬ್ರೇಕ್ ನಂಬಿ ನಾ ಸೈಕಲ್ಲೂ ಹತ್ತೂದಿಲ್ರೀ’ ಎಂದ ಆತ. ಶ್ಯಾಮನ ವಾದಕ್ಕೆ ನನ್ನ ಪಕ್ಕದ ಅಧಿಕಾರಿ ತಲೆದೂಗುತ್ತಿದ್ದರು. ಅಬ್ಬಾ, ಏನು ಮಾತು, ಏನು ತರ್ಕ! ನನಗೆ ಏಳು ಜನ್ಮಕ್ಕೂ ಬರುವಂಥದಲ್ಲ.

ಬಾಗಿಲು ಮುಚ್ಚಿತು. ಮೊದಲು ನಾನು. ಕಿಶೋರ ತಪ್ಪಿತಸ್ಥರಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದರೆ ಶ್ಯಾಮ ಗೆಲ್ಲುತ್ತಾನೆಂದೂ ಗೊತ್ತಿತ್ತು. ‘ತಪ್ಪಿತಸ್ಥ’ ಎಂದೆ. ಪಕ್ಕದವರು ಅಲ್ಲವೆಂದರು. ಹಿರಿಯರು, ಆಜ್ಞೆ ಆಜ್ಞೆಯೇ ಎಂದರು. ಎರಡಕ್ಕೆ ಒಂದು. ಕಿಶೋರರ ನೌಕರಿ ಹೋಯಿತು.

ಈಗ ಅವರು ಇದೇ ಊರಿನ ಭೋಸರಿಯಲ್ಲಿ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದಾರೆ. ಶ್ಯಾಮನೇ ಕರೆತಂದು ಮೂರನೆಯ ಸಾಲಿನಲ್ಲಿ ಕೂರಿಸಿದ್ದಾನೆ. ಪ್ರತಿ ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಶ್ಯಾಮನದು ಒಂದೇ ಮಾತು: ‘ನಾ ಎಲ್ಲಿ ತಪ್ಪಿದ್ನೋ ದೋಸ್ತ, ನನ್ನ ವಾದ ಕಡಿಮಿ ಬಿತ್ತು.’ ‘ಹೌದಪಾ, ಒಂಚೂರು ಕಡಿಮಿನ ಬಿತ್ತು’ ಎನ್ನುತ್ತಿದ್ದೆ ನಾನು. ಅವನ ಆ ಒಂದು ಸೋಲನ್ನು ಇಪ್ಪತ್ತಾರು ವರ್ಷ ಸವಿದಿದ್ದೇನೆ, ಸಭಿಕರೇ.

ಇಂದು ಪ್ರಮಾಣ ಮುರಿದಿದ್ದೇನೆ. ಶ್ಯಾಮಾ, ನಿನ್ನ ವಾದ ಕಡಿಮೆ ಬಿದ್ದಿರಲಿಲ್ಲ. ಕಿಶೋರ ಅವರೇ, ನಿಮ್ಮ ಅನ್ನ ಕಿತ್ತುಕೊಂಡವನು ನಾನು.

ನೋಡಿ, ಶ್ಯಾಮ ವೇದಿಕೆಯಿಂದ ಇಳಿದು ಅವರ ಕೈ ಹಿಡಿದುಕೊಂಡಿದ್ದಾನೆ. ನನ್ನ ಕಡೆ ಇಬ್ಬರೂ ತಿರುಗಿ ನೋಡುತ್ತಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯುತ್ತಿದೆ. ಕೇಳಿಸಿಕೊಂಡ ನಿಮಗೆ ಋಣಿ. ನಮಸ್ಕಾರ.