ಬೋಂಡ ಕೂತ ಜಾಗ

ಹಾಫ್ ಮೂನ್ ಬೇಯಿಂದ ಬಂದರಿನ ಊರಿಗೆ ಹೋಗುವ ಕಡಲಂಚಿನ ಕಾಲುದಾರಿಯಲ್ಲಿ, ನಾಯಿಗಳನ್ನೂ ಒಳಗೆ ಬಿಡುವ ಒಂದು ಪಬ್ಬಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲೇ ಕನ್ನಡ ಕೇಳಿಸಿತು. ಅತ್ತೆ, ಸೊಸೆ, ಒಂದು ಕಂದು ನಾಯಿ.

“ಬೋಂಡ ಯಾಕೆ ಇಲ್ಲಿ ಕೂತುಬಿಟ್ಟ, ಸಂಯುಕ್ತಾ?”

“ಸುಸ್ತಾಗಿರಬೇಕು ಅತ್ತೆ.”

“ದಾರೀಲಿ ಹಿಂದಿನ ಊರಲ್ಲೂ ಪಬ್ಬಿನ ಮುಂದೇನೇ ಕೂತಿದ್ದ.”

ಸೊಸೆ ಬಗ್ಗಿ ನಾಯಿಯ ತಲೆ ಸವರಿದಳು.

“ಕುಶಲ್ ಇರೋವರೆಗೂ ಪ್ರತಿ ಭಾನುವಾರ ಇವನ ಜೊತೆ ಇದೇ ದಾರೀಲಿ ನಡೀತಿದ್ರು. ಒಂದೊಂದು ಕಡೆ ಒಂದೊಂದು ಬಿಯರು. ಅಮ್ಮನಿಗೆ ಹೇಳಬೇಡ ಅಂದಿದ್ರು.”

“ನಂಗೆ ಗೊತ್ತಿತ್ತು. ಭಾನುವಾರದ ಫೋನಲ್ಲಿ ಮಾತ್ರ ನನ್ನ ಮಗ ನಗ್ತಾ ಮಾತಾಡ್ತಿದ್ದ.”

“ಮುಂದೆ ಹೋಗೋಣ್ವಾ ಅತ್ತೆ?”

“ಬೇಡ. ಕುಶಲ್ ಎಲ್ಲಿ ಕೂರ್ತಿದ್ದ?”

“ಆ ಮೂಲೆ ಬೆಂಚಲ್ಲಿ.”

“ಅಲ್ಲೇ ಕೂರೋಣ. ನಂಗೊಂದು ನಿಂಬೆ ಶರಬತ್ತು ಹೇಳು.”

ಸೊಸೆ ಹಗ್ಗ ಸಡಿಲಿಸಿದಳು. ಬೋಂಡ ಎದ್ದು, ಇಬ್ಬರನ್ನೂ ಎಳೆದುಕೊಂಡು ಒಳಗೆ ಹೋದ.